ಪಂಚಮಚಕ್ರ ಮೀಮಾಂಸೆ

ಡ್ಯಾಶ್‌ಬೋರ್ಡಿನ ಮೇಲೆ ಅಂಟು ಸಡಿಲವಾಗಿ ವಾಲಿಕೊಂಡಿರುವ ಗಣಪತಿಗೆ ವಂದಿಸಿ, ಕಂಪನಿಯವರು ಕೊಡದೆ ಬಿಟ್ಟ ಐದನೆಯ ಚಕ್ರದ ಸ್ವರೂಪ, ಲಕ್ಷಣ, ಪ್ರತಿಷ್ಠೆ ಮತ್ತು ಪ್ರಯೋಗಗಳನ್ನು ನಿರೂಪಿಸಲು ಹೊರಟಿದ್ದೇವೆ. ಇದೂ ಒಂದು ಶಾಸ್ತ್ರವೇ ಎಂದು ಮೂಗು ಮುರಿಯುವವರು ಜುಲೈ ತಿಂಗಳ ಒಂದು ರಾತ್ರಿ ಶಿರಾಡಿ ಘಾಟಿಯಲ್ಲಿ ಡಿಕ್ಕಿ ತೆರೆದು ನಿಂತು ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳತಕ್ಕದ್ದು.

ಮೊದಲು ಪ್ರಮಾಣವಿಚಾರ. ಕಾರಿನಲ್ಲಿ ಸ್ಟೆಪ್ನಿ ಇಲ್ಲವೆಂಬ ಜ್ಞಾನ ನಮಗೆ ಬರುವುದು ಹೇಗೆ? ಪ್ರತ್ಯಕ್ಷದಿಂದಲ್ಲ, ಷೋರೂಮಿನಲ್ಲಿ ಡಿಕ್ಕಿಯ ಕಾರ್ಪೆಟ್ ಎತ್ತಿ ನೋಡುವ ಮಹಾನುಭಾವರು ವಿರಳ. ಶಬ್ದಪ್ರಮಾಣದಿಂದಲೂ ಅಲ್ಲ, ಸನ್‌ರೂಫಿನ ಬಗ್ಗೆ ಅರ್ಧ ಗಂಟೆ ವಾಕ್ಪ್ರವಾಹ ಹರಿಸುವ ಸೇಲ್ಸ್ ಹುಡುಗ ಈ ಒಂದು ವಿಷಯದಲ್ಲಿ ಮೌನವ್ರತಿ. ಅನುಮಾನವನ್ನು ನಂಬೋಣವೆಂದರೆ ಅದು ತಿರುಗಿಬೀಳುತ್ತದೆ. ಡಿಕ್ಕಿಯ ತಳದಲ್ಲಿ ದುಂಡನೆಯ ಗುಳಿಯಿದೆ. ಎಲ್ಲೆಲ್ಲಿ ದುಂಡನೆಯ ಗುಳಿಯೋ ಅಲ್ಲಲ್ಲಿ ಚಕ್ರ. ಆದ್ದರಿಂದ ಇಲ್ಲಿಯೂ ಚಕ್ರವಿದೆ. ತರ್ಕ ನಿರ್ದುಷ್ಟ, ಗುಳಿಯಲ್ಲಿರುವುದು ಮಾತ್ರ ಥರ್ಮೋಕೋಲ್. ಹೀಗಾಗಿ ಉಳಿಯುವುದು ಅನುಪಲಬ್ಧಿಯೊಂದೇ: ಇರಬೇಕಾದಲ್ಲಿ ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯುವುದು. ಇದನ್ನು ಸ್ವತಂತ್ರ ಪ್ರಮಾಣವೆಂದು ಭಾಟ್ಟ ಮೀಮಾಂಸಕರು ಒಪ್ಪಿದರು, ನೈಯಾಯಿಕರು ಒಪ್ಪಲಿಲ್ಲ. ನೈಯಾಯಿಕರಿಗೆ ಘಾಟಿಯಲ್ಲಿ ಟೈರು ಪಂಚರಾದ ಅನುಭವವಿರಲಿಲ್ಲವೆಂದು ನಮ್ಮ ಊಹೆ.

ಇನ್ನು ಯುಗವಿಭಾಗ. ಮೋಟಾರು ಕಾರಿನ ಆದಿಕಾಲದಲ್ಲಿ ಹೆಚ್ಚುವರಿ ಚಕ್ರ ಕೊಡುವ ಪದ್ಧತಿಯೇ ಇರಲಿಲ್ಲ. ಗಾಳಿ ಹೋದರೆ ರಸ್ತೆಬದಿಯಲ್ಲಿ ಕೂತು ಟೈರು ಬಿಚ್ಚಿ, ತೇಪೆ ಹಾಕಿ, ಪಂಪು ಹೊಡೆಯಬೇಕಿತ್ತು. 1904ರಲ್ಲಿ ವೇಲ್ಸ್‌ನ ಲನೆಲಿ ಪಟ್ಟಣದ ಸ್ಟೆಪ್ನಿ ಬೀದಿಯ ಕಬ್ಬಿಣ ಸಾಮಾನಿನ ವ್ಯಾಪಾರಿಗಳಾದ ಥಾಮಸ್ ಮತ್ತು ವಾಲ್ಟರ್ ಡೇವಿಸ್ ಎಂಬ ಅಣ್ಣತಮ್ಮಂದಿರು ಒಂದು ಉಪಾಯ ಹೂಡಿದರು. ಕಡ್ಡಿಗಳಿಲ್ಲದ ಬರೀ ರಿಮ್ಮಿಗೆ ಟೈರು ಕೂರಿಸಿ, ಮೊದಲೇ ಗಾಳಿ ತುಂಬಿಟ್ಟು, ಪಂಚರಾದ ಚಕ್ರದ ಪಕ್ಕಕ್ಕೆ ಅದನ್ನು ಕ್ಲಾಂಪಿನಿಂದ ಬಿಗಿಯುವುದು. ಅದು ಕಾರಿನೊಂದಿಗೆ ಬಂದದ್ದಲ್ಲ, ಮಾಲೀಕ ಕೈಯಿಂದ ಕಾಸು ಹಾಕಿ ಕೊಂಡದ್ದು. ಪೂರ್ಣಚಕ್ರವಲ್ಲ, ಮನೆ ಮುಟ್ಟಿಸುವಷ್ಟರದ್ದು. ಆಮೇಲೆ ಕಂಪನಿಗಳೇ ಐದನೆಯ ಚಕ್ರ ಕೊಡತೊಡಗಿದವು. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದವರು ಅದನ್ನು ಜನ್ಮಸಿದ್ಧ ಹಕ್ಕೆಂದೇ ಭಾವಿಸಿದ್ದರು. 2020ರ ಜುಲೈಯಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು ಮೋಟಾರು ವಾಹನ ನಿಯಮಗಳನ್ನು ತಿದ್ದಿ, ಟ್ಯೂಬ್‌ಲೆಸ್ ಟೈರಿನ ಕಾರಿನಲ್ಲಿ ರಿಪೇರಿ ಕಿಟ್ಟೂ ಗಾಳಿಯೊತ್ತಡ ಸೂಚಕವೂ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲವೆಂದಿತು. ಅಕ್ಟೋಬರ್ 1ರಿಂದ ಜಾರಿ. ಕಾರಿನ ತೂಕ ಇಳಿಯಿತು, ಡಿಕ್ಕಿಯಲ್ಲಿ ಜಾಗ ಉಳಿಯಿತು. ಬೆಲೆಪಟ್ಟಿಯಲ್ಲಿ ಏನು ಇಳಿಯಿತೆಂಬುದನ್ನು ಮುಂದಿನ ಪೀಳಿಗೆಯ ಸಂಶೋಧಕರು ಪತ್ತೆ ಹಚ್ಚಬೇಕು. ಮಾಲೀಕ ಮಾತ್ರ 1904ಕ್ಕೆ ಮರಳಿ, ಸ್ವಂತ ಖರ್ಚಿನಲ್ಲಿ ಪಂಡಿತನಾಗಬೇಕಾಯಿತು.

ಚಕ್ರದ ಬಗ್ಗೆ ದರ್ಶನಭೇದಗಳಿವೆ. ಅದ್ವೈತಿಗಳಿಗೆ ಐದನೆಯದು ಉಳಿದ ನಾಲ್ಕಕ್ಕಿಂತ ಬೇರೆಯಲ್ಲ: ಅದೇ ಅಳತೆ, ಅದೇ ರಿಮ್ಮು, ಒಮ್ಮೆ ಬದಲಾಯಿಸಿದ ಮೇಲೆ ಯಾವುದು ಯಾವುದೆಂಬ ಭೇದಬುದ್ಧಿಯೇ ನಾಶವಾಗುತ್ತದೆ. ದ್ವೈತಿಗಳು ತಾರತಮ್ಯ ಬಿಡುವವರಲ್ಲ. ಐದನೆಯದು ತೆಳ್ಳಗಿರಬೇಕು, ಗಿಡ್ಡಗಿರಬೇಕು, ತಾನು ಯಾರೆಂಬುದು ಅದಕ್ಕೆ ಸದಾ ನೆನಪಿರಬೇಕು. ರನ್‌ಫ್ಲಾಟ್ ಟೈರಿನವರದು ಜೀವನ್ಮುಕ್ತಿವಾದ: ಗಾಳಿ ಹೋದ ಮೇಲೂ ಶರೀರ ಓಡುತ್ತಿರುತ್ತದೆ, ಗಂಟೆಗೆ 80 ಕಿಮೀ ಮೀರದಂತೆ, ಸಾಮಾನ್ಯವಾಗಿ 80 ಕಿಮೀ ದೂರದವರೆಗೆ. ಕಂಪನಿಗಳದು ಶೂನ್ಯವಾದ. ಅವರ ಸಾಧನಸಾಮಗ್ರಿ ಒಂದು ಬಾಟಲಿ ಅಂಟುದ್ರವ, 12 ವೋಲ್ಟಿನ ಒಂದು ಕಂಪ್ರೆಸರ್. ಮೊಳೆ ಚುಚ್ಚಿದ ಸಣ್ಣ ತೂತಿಗೆ ಈ ದ್ರವ ನಿಜಕ್ಕೂ ಫಲಿಸುತ್ತದೆ, ಪೂರ್ವಪಕ್ಷವೆಂದು ಅನ್ಯಾಯ ಮಾಡಬಾರದು. ಆದರೆ ಟೈರಿನ ಪಕ್ಕೆ ಸೀಳಿದರೆ, ಗುಂಡಿಗೆ ಇಳಿದು ರಿಮ್ಮೇ ಸೊಟ್ಟಗಾದರೆ, ಬಾಟಲಿಯನ್ನು ಬಗ್ಗಿಸಿ ಪ್ರಯೋಜನವಿಲ್ಲ. ನಮ್ಮ ರಸ್ತೆಗಳ ಒಲವು ಈ ಎರಡನೆಯ ಮಾರ್ಗದ ಕಡೆಗೇ. ದ್ರವಕ್ಕೆ ಎಕ್ಸ್‌ಪೈರಿ ದಿನಾಂಕವೂ ಉಂಟು. ಫಲಿಸಿದಾಗಲೂ ಅದನ್ನು ತೊಳೆದು ತೇಪೆ ಹಾಕುವ ಪಂಚರ್ ಅಂಗಡಿಯ ಮೇಸ್ತ್ರಿಯ ಭಾಷ್ಯ ಕಟುವಾದದ್ದು: "ಒಳಗೆಲ್ಲ ಪಾಯಸ ಮಾಡಿಟ್ಟಿದ್ದೀರಲ್ಲ ಸಾರ್!"

ದ್ವೈತವನ್ನು ಒಪ್ಪಿ ಕಿರುಚಕ್ರ ಕೊಳ್ಳಲು ಹೊರಟವನು ಮೊದಲು ಶಾಸನಪಾಠ ಕಲಿಯಬೇಕು. ಟೈರಿನ ಪಕ್ಕೆಯ ಮೇಲೆ ಉಬ್ಬಕ್ಷರದಲ್ಲಿ ಹೀಗಿರುತ್ತದೆ: ಟಿ125/70 ಡಿ15 95ಎಂ. ಲಿಪಿ ರೋಮನ್, ಶೈಲಿ ಗೂಢ. 'ಟಿ' ಎಂದರೆ ತಾತ್ಕಾಲಿಕ. ಅಗಲ 125 ಮಿಮೀ, ಪಕ್ಕೆಯ ಎತ್ತರ ಅಗಲದ ಶೇ 70. 'ಡಿ' ಎಂದರೆ ಒಳಗಿನ ನೂಲಿನ ಪದರಗಳು ಓರೆಯಾಗಿ ಹೆಣೆದವು, ರೇಡಿಯಲ್ ಅಲ್ಲ. ರಿಮ್ಮು 15 ಇಂಚು. 95 ಎಂಬ ಸಂಕೇತಕ್ಕೆ 690 ಕೆಜಿ ಭಾರವೆಂದರ್ಥ. 'ಎಂ' ಎಂದರೆ ಗಂಟೆಗೆ 130 ಕಿಮೀ. ಇಲ್ಲಿಯೇ ಅರೆಪಂಡಿತರು ಎಡವುವುದು. ಶಾಸನ 130 ಎನ್ನುತ್ತದೆ, ರಿಮ್ಮಿಗೆ ಅಂಟಿಸಿದ ಚೀಟಿ 80 ಎನ್ನುತ್ತದೆ. ಒಂದು ಟೈರಿನ ತಾಳಿಕೆಯ ಮಾತು. ಇನ್ನೊಂದು ಮೂರು ಕಾಲು ಒಂದು ಬಗೆ, ನಾಲ್ಕನೆಯದು ಇನ್ನೊಂದು ಬಗೆಯಾದ ಕಾರು ಬ್ರೇಕು ಹಾಕಿದಾಗ ಎತ್ತ ಎಳೆದೀತೆಂಬ ಮಾತು. ಶಾಸನಕ್ಕೂ ಚೀಟಿಗೂ ವಿರೋಧ ಬಂದಾಗ ಚೀಟಿಯೇ ಬಲೀಯಸ್ಸು. ಗಾಳಿ 60 ಪಿಎಸ್‌ಐ, ಮಾಮೂಲಿ ಟೈರಿನ ಇಮ್ಮಡಿಯಷ್ಟು. ಇದನ್ನು ಪೆಟ್ರೋಲ್ ಬಂಕಿನಲ್ಲಿ ಉಚ್ಚರಿಸಿದರೆ ಗಾಳಿ ಹಿಡಿಯುವ ಹುಡುಗ ಪೈಪು ಕೆಳಗಿಡುತ್ತಾನೆ: "ಅರವತ್ತಾ ಸಾರ್? ಲಾರಿಗಾ?"

ಮುಂದಿನದು ಸಾಲಾವಳಿ ಪ್ರಕರಣ. ಗ್ರಂಥದ ಹೃದಯ ಇದೇ. ಹೊರಗಿನಿಂದ ತಂದ ಚಕ್ರಕ್ಕೂ ಮನೆಯ ಕಾರಿಗೂ ಜಾತಕ ಕೂಡದೆ ಸಂಬಂಧ ಬೆಳೆಸಕೂಡದು. ಮೊದಲ ಕೂಟ ಪಿಸಿಡಿ, ಅಂದರೆ ಬೋಲ್ಟುಗಳ ನಡುಮಧ್ಯವನ್ನು ಹಾಯುವ ವೃತ್ತದ ವ್ಯಾಸ. ಸಣ್ಣ ಕಾರುಗಳಲ್ಲಿ ನಾಲ್ಕು ಬೋಲ್ಟು, 100 ಮಿಮೀ ಸಾಮಾನ್ಯ. ಕೊಂಚ ದೊಡ್ಡವಕ್ಕೆ ಐದು ಬೋಲ್ಟು, 114.3 ಮಿಮೀ. ಈ .3 ಎಲ್ಲಿಂದ ಬಂತೆಂದು ತಲೆ ಕೆಡಿಸಿಕೊಂಡವರುಂಟು. ಅದು ನಾಲ್ಕೂವರೆ ಇಂಚು, ಅಷ್ಟೆ. ಮೆಟ್ರಿಕ್ ವೇಷ ತೊಟ್ಟಿದೆ. ಪ್ರಮಾದ ಇರುವುದು ಹತ್ತಿರದ ಸಂಬಂಧಗಳಲ್ಲಿ. ಫಿಯಟ್‌ನವರದು ನಾಲ್ಕು ಬೋಲ್ಟು, 98 ಮಿಮೀ. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತಂದು 100ರ ಕಾರಿಗೆ ಹಚ್ಚಿದರೆ ಒಂದೆರಡು ನಟ್ಟು ಸಲೀಸಾಗಿ ಕೂರುತ್ತವೆ, ಉಳಿದವು ಪಾನಾದ ಒತ್ತಾಯಕ್ಕೆ ಒಪ್ಪಿದಂತೆ ನಟಿಸುತ್ತವೆ. ಒತ್ತಾಯದ ಮದುವೆ ಹೆದ್ದಾರಿಯಲ್ಲಿ ಬಯಲಾಗುತ್ತದೆ.

ಎರಡನೆಯ ಕೂಟ ನಡುರಂಧ್ರ. ಫೋಕ್ಸ್‌ವ್ಯಾಗನ್ನಿನದು ಸಾಮಾನ್ಯವಾಗಿ 57.1 ಮಿಮೀ, ಐದು ಬೋಲ್ಟಿನ ಹೋಂಡಾದ್ದು 64.1, ಐದು ಬೋಲ್ಟಿನ ಹ್ಯುಂಡೈಯದು 67.1. ರಂಧ್ರ ಕಿರಿದಾದರೆ ಚಕ್ರ ಹಬ್ಬಿನ ಮೇಲೆ ಹೋಗುವುದೇ ಇಲ್ಲ. ಹಿರಿದಾದರೆ ಹೋಗುತ್ತದೆ, ಆದರೆ ನಡುವಿಗೆ ಕೂರಿಸಲು ಬಳೆ ಹಾಕಬೇಕು, ಇಲ್ಲವಾದರೆ ಸ್ಟಿಯರಿಂಗಿಗೆ ನಡುಕ. ಬೋಲ್ಟಿನ ಕುತ್ತಿಗೆ ಕೆಲವರದು ಶಂಕುವಿನಾಕಾರ, ಕೆಲವರದು ಗೋಲಾಕಾರ. ಒಂದರ ಗುಂಡಿಯಲ್ಲಿ ಇನ್ನೊಂದು ಕೂತಂತೆ ಕಾಣುತ್ತದೆ, ಕೂತಿರುವುದಿಲ್ಲ. ಅಲಾಯ್‌ಗೆಂದು ಮಾಡಿದ ಉದ್ದನೆಯ ಬೋಲ್ಟು ತೆಳು ಉಕ್ಕಿನ ರಿಮ್ಮಿಗೆ ಹೆಚ್ಚಾಗಿ, ಒಳಗೆ ಚಾಚಿ ಬ್ರೇಕಿನ ಅಂಗಾಂಗಗಳನ್ನು ವಿಚಾರಿಸಿಕೊಳ್ಳುವುದೂ ಉಂಟು. ದುಬಾರಿ ಮಾದರಿಗಳ ಮುಂದಿನ ಬ್ರೇಕು ದೊಡ್ಡದು. 15 ಇಂಚಿನ ರಿಮ್ಮು ಕ್ಯಾಲಿಪರಿಗೆ ತಾಗಿ ತಿರುಗದೇ ಹೋದೀತು.

ಕೊನೆಯ ಕೂಟ ಎತ್ತರ. ಮೇಲಿನ ಶಾಸನದ ಟೈರಿನ ಪೂರ್ತಿ ವ್ಯಾಸ 556 ಮಿಮೀ. 195/55 ಆರ್16 ಟೈರಿನದು ಸುಮಾರು 621. ಈ ಜೋಡಿ ಆಗದು. ಟಿ125/80 ಆರ್16 ತಂದರೆ 606, ಹೊಂದಿಕೊಂಡು ಹೋದೀತು. ಅಂಗಡಿಯ ಮೇಸ್ತ್ರಿ ಈ ಲೆಕ್ಕವನ್ನು ಕಾಗದವಿಲ್ಲದೆ ಮಾಡುತ್ತಾನೆ. ಎರಡೂ ಟೈರನ್ನು ಗೋಡೆಗೊರಗಿಸಿ ನಿಲ್ಲಿಸಿ, ಮೇಲೆ ಅಂಗೈ ಇಟ್ಟು, "ಬ್ಯಾಡ ಸಾರ್" ಎನ್ನುತ್ತಾನೆ. ಸಾಲಾವಳಿಯಲ್ಲಿ ಇದಕ್ಕಿಂತ ಚುಟುಕಾದ ತೀರ್ಪು ಯಾವ ಜೋಯಿಸರೂ ಕೊಟ್ಟಿದ್ದಿಲ್ಲ.

ಪ್ರತಿಷ್ಠಾವಿಧಿಯಲ್ಲಿ ಹೇಳುವುದು ಕಡಿಮೆ. ಚಕ್ರವನ್ನು ಗುಳಿಯಲ್ಲಿ ನಡುಬೋಲ್ಟಿನಿಂದ ಬಂಧಿಸತಕ್ಕದ್ದು. ಬಂಧಿಸದಿದ್ದರೆ ಅಪಘಾತದಲ್ಲಿ ಅದು ಸುದರ್ಶನವಾಗುತ್ತದೆ. ಸ್ಟೆಪ್ನಿ ಕೊಡದ ಕಾರಿಗೆ ಜಾಕಿಯನ್ನೂ ಪಾನಾವನ್ನೂ ಕೊಡದಿರುವ ಸಂಪ್ರದಾಯವಿದೆಯಾದ್ದರಿಂದ ಅವನ್ನೂ ತರಬೇಕು. ಹೊಸ ಕಾರಿನ ಪೂಜೆಯಲ್ಲಿ ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಇಟ್ಟಾಗಿದೆ; ತಡವಾಗಿ ಬಂದ ಐದನೆಯದಕ್ಕೆ ಪ್ರತ್ಯೇಕ ಹಣ್ಣು ಬೇಕೇ? ಪುರೋಹಿತರು ಬೇಕೆನ್ನುತ್ತಾರೆ. ಬೇಡವೆಂದ ಪುರೋಹಿತರು ಸಿಕ್ಕಿದ್ದಿಲ್ಲ. ಈ ನೆಪದಲ್ಲಾದರೂ ಹಗಲು ಬೆಳಕಿನಲ್ಲಿ, ಮನೆಯಂಗಳದಲ್ಲಿ, ಹಿಂದೆಯೂ ಮುಂದೆಯೂ ಒಮ್ಮೊಮ್ಮೆ ಹಾಕಿ ಕೈಯಿಂದ ತಿರುಗಿಸಿ ನೋಡುವುದು ಶ್ರೇಯಸ್ಕರ.

ಪ್ರಯೋಗದಲ್ಲಿ ಒಂದು ಸೂಕ್ಷ್ಮವಿದೆ. ಮುಂದಿನ ಚಕ್ರಗಳು ಎಳೆಯುವ ಕಾರಿನಲ್ಲಿ ಕಿರುಚಕ್ರವನ್ನು ಹಿಂದೆ ಹಾಕುವುದು ಲೇಸು; ಮುಂದೆ ಹಾಕಿದರೆ ಎರಡರ ಸುತ್ತಳತೆ ಬೇರೆಯಾಗಿ ನಡುವಿನ ಡಿಫರೆನ್ಷಿಯಲ್ ದಾರಿಯುದ್ದಕ್ಕೂ ರಾಜಿಪಂಚಾಯಿತಿ ಮಾಡುತ್ತಿರಬೇಕು. ಆದರೆ ಪಂಚರಾಗುವುದು ಮುಂದಿನದೇ. ಆಗ ಹಿಂದಿನ ಒಳ್ಳೆಯದನ್ನು ಬಿಚ್ಚಿ ಕಿರಿದನ್ನು ಅಲ್ಲಿ ಹಾಕಿ, ಬಿಚ್ಚಿದ್ದನ್ನು ಮುಂದಕ್ಕೆ ತರಬೇಕು: ಜಾಕಿ ಎರಡು ಸಲ, ಮಳೆ ಒಂದೇ ಸಮ. ಕಿರುಚಕ್ರದಲ್ಲಿ ಒತ್ತಡದ ಸೆನ್ಸರಿಲ್ಲವಾದ್ದರಿಂದ ಡ್ಯಾಶ್‌ಬೋರ್ಡಿನ ಹಳದಿ ದೀಪ ಮನೆಯವರೆಗೂ ಆಕ್ಷೇಪಿಸುತ್ತಿರುತ್ತದೆ. ಅದನ್ನು ಗೌರವದಿಂದ ಅಲಕ್ಷಿಸಬೇಕು.

ಇಷ್ಟೆಲ್ಲ ಮುಗಿದ ಮೇಲೆ ಶಾಸ್ತ್ರಕಾರರು ಮುಟ್ಟದೆ ಬಿಟ್ಟ ಪ್ರಶ್ನೆಯೊಂದು ಕೈಯಲ್ಲಿ ಉಳಿಯುತ್ತದೆ: ಬಿಚ್ಚಿದ ದೊಡ್ಡ ಚಕ್ರ. 125 ಮಿಮೀ ಅಗಲಕ್ಕೆ ತಕ್ಕ ಗುಳಿಯಲ್ಲಿ 195ರದು ಇಳಿಯುವುದಿಲ್ಲ. ಡಿಕ್ಕಿಯಲ್ಲಿ ಸೂಟ್‌ಕೇಸು, ಮಂಗಳೂರಿನಿಂದ ತಂದ ಹಲಸಿನಹಣ್ಣು, ಹಪ್ಪಳದ ಕಟ್ಟು. ಕೆಸರು ಸುರಿಯುವ ಆ ಚಕ್ರಕ್ಕೆ ಹಿಂದಿನ ಸೀಟಲ್ಲದೆ ಗತಿಯಿಲ್ಲ, ಹಿಂದಿನ ಸೀಟಿನಲ್ಲಿ ರೇಷ್ಮೆಸೀರೆಯ ಅತ್ತೆಯವರಿದ್ದಾರೆ. ಸಕಲೇಶಪುರದಿಂದ ಬೆಂಗಳೂರಿಗೆ ರಾತ್ರಿ ಬಸ್ಸುಗಳು ಸಾಕಷ್ಟಿವೆ ಎಂಬ ಪಕ್ಷವನ್ನು ಒಬ್ಬರು ಮಂಡಿಸಿದ್ದಾರೆ. ಅದನ್ನು ಅತ್ತೆಯವರ ಮುಂದೆ ಮಂಡಿಸಲು ಇದುವರೆಗೆ ಯಾವ ಪಂಡಿತರೂ ಮುಂದೆ ಬಂದಿಲ್ಲ.