ಪಾತಾಳ ಪ್ರಯಾಣ

ಕಬ್ಬಿನ ಹಂಗಾಮಿನಲ್ಲೊಂದು ದಿನ, ಎರಡು ಟ್ರೇಲರುಗಳನ್ನೆಳೆಯುತ್ತಿದ್ದ ಟ್ರ್ಯಾಕ್ಟರೊಂದು ಐಗಳಿಯ ತಿರುವಿನಲ್ಲಿ ಅಡ್ಡನಿಂತು, ಅದರ ಸೋಗೆಯು ನಮ್ಮ ಬಸ್ಸಿನ ಕಿಟಕಿಯೊಳಕ್ಕೆ ನುಸುಳಿ ನನ್ನ ಕನ್ನಡಕವನ್ನು ಒರೆಸತೊಡಗಿದ ಸುಮುಹೂರ್ತದಲ್ಲಿ, ಬೆಂಗಳೂರಿನಿಂದ ಆಗಮಿಸಿದ್ದ ಎಂಜಿನಿಯರ್ ಅಳಿಯನು ಉಪನ್ಯಾಸವನ್ನಾರಂಭಿಸಿದನು.

“ಮಾಮಾ, ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ಸುಮಾರು 17 ಕಿಲೋಮೀಟರ್ ಸುರಂಗಮಾರ್ಗ, 17,000 ಕೋಟಿಗೂ ಮಿಗಿಲಾದ ಯೋಜನೆ. ವಾಹನದಟ್ಟಣೆಯೆಂಬುದು ಇನ್ನು ಭೂಲೋಕವನ್ನು ತ್ಯಜಿಸಿ ಪಾತಾಳಕ್ಕಿಳಿಯುವುದು!”

“ಪಾತಾಳನೂ ತುಂಬಿದ ಮ್ಯಾಲ?”

“ಇನ್ನೊಂದು ಸುರಂಗ.”

“ತಮ್ಮಾ, ನಮ್ಮ ಕಡೆ ಕಾಲುವಿ ಅಗಲ ಮಾಡಿದರ ನೀರು ಉಳಿಯೂದಿಲ್ಲ, ಕಬ್ಬು ಹಚ್ಚವರು ಹೆಚ್ಚಾಗತಾರ. ಅದಿರಲಿ, 148 ಕಿಲೋಮೀಟರಿನ ಉಪನಗರ ರೈಲಿಗೆ 2022ರ ಜೂನಿನಾಗ ಅಡಿಗಲ್ಲು ಹಾಕಿದ್ದರಲ್ಲ?”

“ಅಡಿಗಲ್ಲು ಸುಭದ್ರವಾಗಿದೆ, ಮಾಮಾ.”

“2003ರಾಗ ಲಂಡನ್ನಿನವರು ಊರ ನಡುವ ಬರೋ ಕಾರಿಗೆ ಸುಂಕ ಹಾಕಿದರು. ಅದೇ ವರ್ಷ ಸಿಯೋಲಿನವರು ಮೇಲುರಸ್ತೆ ಕೆಡವಾಕ ಹತ್ತಿ, ಅದರ ಕೆಳಗ ಹೂತಿದ್ದ ಹಳ್ಳಾನ ಬೆಳಕಿಗೆ ತಂದರು.”

“ಕಟ್ಟಿದ್ದನ್ನು ಕೆಡಹುವವರು ಅನಾಗರಿಕರು,” ಎಂದು ಅವನು ಗಂಭೀರನಾಗಿ ನುಡಿದನು. (ಐದು ಜನರ ಕಾರಿನಲ್ಲಿ ಏಕಾಂಗಿಯಾಗಿ ಕಚೇರಿಗೆ ತೆರಳಿ, ನಿಂತಲ್ಲೇ ನಿಂತು ತತ್ತ್ವಚಿಂತನೆ ನಡೆಸುವ ನಾಗರಿಕನು ಇವನೇ.)

“ಬಸ್ಸು ಹೆಚ್ಚಿಸಿ, ಅವಕ್ಕೊಂದು ಪ್ರತ್ಯೇಕ ಪಥ ಕೊಟ್ಟರ?”

“ಅಷ್ಟು ಅಗ್ಗದ ಪರಿಹಾರಕ್ಕೆ ಶಂಕುಸ್ಥಾಪನೆಯ ಘನತೆ ಎಲ್ಲಿಂದ ಬಂದೀತು?” ಎಂದವನು, ಸೋಗೆಯನ್ನು ಪಕ್ಕಕ್ಕೆ ಸರಿಸಿ ಹೊರಗಿಣುಕಿ, “ಇಲ್ಲಿಯೂ ಒಂದು ಮೇಲ್ಸೇತುವೆ ಅತ್ಯಗತ್ಯ,” ಎಂದನು.

ಅಷ್ಟರಲ್ಲಿ ಕಂಡಕ್ಟರನು ಕೆಳಗಿಳಿದು, ಟ್ರ್ಯಾಕ್ಟರನ್ನು ನಾಲ್ಕು ಮಾರು ಹಿಂದಕ್ಕೆ ಸರಿಸಿಸಿ, ಸೀಟಿ ಊದಿದನು.