ನೆಂಟಸೂತ್ರ: ಸ್ಪರ್ಧೆಗೂ ಸರಪಳಿಗೂ ಇರುವ ಭೇದವನ್ನು ಕುರಿತ ಮಹಾಪ್ರಬಂಧಕ್ಕೆ ಪೀಠಿಕೆ

ಕನ್ನಡದಲ್ಲಿ ಛಂದಸ್ಸಿಗೆ ಶಾಸ್ತ್ರವಿದೆ, ಅಲಂಕಾರಕ್ಕೆ ಶಾಸ್ತ್ರವಿದೆ, ಹಲ್ಲಿ ಮೈಮೇಲೆ ಬಿದ್ದರೆ ಏನು ಫಲ ಎಂಬುದಕ್ಕೂ ಶಾಸ್ತ್ರವಿದೆ. ಬಹುಮಾನದ ಆಸೆ ತೋರಿಸಿ ಬಾಗಿಲಿಗೆ ಬಂದವನು ಸ್ಪರ್ಧೆಯವನೋ ಸರಪಳಿಯವನೋ ಎಂದು ಹೇಳುವ ಶಾಸ್ತ್ರ ಮಾತ್ರ ಇಲ್ಲ. ಈ ಕೊರತೆ ನೀಗಿಸಲು ಪ್ರಸ್ತುತ ಸಂಶೋಧಕ 12,000 ರೂಪಾಯಿ ವೆಚ್ಚದಲ್ಲಿ ಅಧ್ಯಯನ ಕೈಗೊಂಡ. ಅನುದಾನ ಯಾವ ವಿಶ್ವವಿದ್ಯಾಲಯದಿಂದಲೂ ಬಂದಿಲ್ಲ. ಕೊಟ್ಟವನು ನಾನು, ಪಡೆದವನು ನನ್ನ ಷಡ್ಡಕ.

ಮೊದಲು ಆಕರಗಳು. ಸರಪಳಿ ವಾಙ್ಮಯದಲ್ಲಿ ನನಗೆ ದೊರೆತ ಅತಿ ಪ್ರಾಚೀನ ಕೃತಿ ನಮ್ಮ ಅಟ್ಟದ ಟ್ರಂಕಿನಲ್ಲಿದ್ದ ಒಂದು ಅಂಚೆ ಕಾರ್ಡು. ಕರ್ತೃ ಅಜ್ಞಾತ. ಯಾವುದೋ ದೇವಸ್ಥಾನದಲ್ಲಿ ಹಾವೊಂದು ಮುದುಕನ ರೂಪ ತಾಳಿ ಮಾತಾಡಿತು, ಇದನ್ನು ಓದಿದವರು 21 ಜನಕ್ಕೆ ಬರೆದು ಕಳಿಸಬೇಕು, ಕಳಿಸಿದವನಿಗೆ ಹೊಲದಲ್ಲಿ ಹೊನ್ನಿನ ಕೊಪ್ಪರಿಗೆ ಸಿಕ್ಕಿತು, ಹರಿದು ಹಾಕಿದವನು ರಕ್ತ ಕಾರಿದ, ಇದಿಷ್ಟು ಕಥಾವಸ್ತು. ಶೈಲಿ ಸರಳ, ಕಾಗುಣಿತ ಸ್ವತಂತ್ರ. ‘ಕೊಪ್ಪರಿಗೆ’ ಇರುವಲ್ಲಿ ಪಕ್ಕದ ಮನೆಯ ಪ್ರತಿಯಲ್ಲಿ ‘ಕೊಬ್ಬರಿ’ ಎಂಬ ಪಾಠಾಂತರವಿದೆ. ಲಿಪಿಕಾರನಿಗೆ ಇನ್ನೂ ಹದಿನಾಲ್ಕು ಕಾರ್ಡು ಬಾಕಿಯಿದ್ದಿರಬೇಕು. ಈ ಘಟ್ಟದಲ್ಲಿ ಲಾಭವಾದದ್ದು ಅಂಚೆ ಇಲಾಖೆಗೆ ಮಾತ್ರ. ದೇವರನ್ನು ಇಳಿಸಿ ಆ ಜಾಗದಲ್ಲಿ ಪ್ರೊಜೆಕ್ಟರ್ ಇಟ್ಟದ್ದು ಮುಂದಿನ ಪೀಳಿಗೆಯ ಸಾಧನೆ.

ಸ್ಪರ್ಧಾ ವಾಙ್ಮಯಕ್ಕೆ ಆಕರ ನಮ್ಮ ಬೀದಿಯ ಗಣಪತಿ ಪೆಂಡಾಲಿನ ಕರಪತ್ರ. ರಂಗೋಲಿ, ನಿಂಬೆಹಣ್ಣು-ಚಮಚ ಓಟ, ಮ್ಯೂಸಿಕಲ್ ಚೇರ್. ಬಹುಮಾನ ಸ್ಟೀಲ್ ಡಬ್ಬಿ. ತೀರ್ಪುಗಾರರ ತೀರ್ಮಾನವೇ ಅಂತಿಮ. ಕೊನೆಯ ಸಾಲು: ‘ಸಮಿತಿಯವರ ಬಂಧುಗಳು ಭಾಗವಹಿಸುವಂತಿಲ್ಲ.’ ಅಧ್ಯಕ್ಷರ ಸೊಸೆಗೆ ರಂಗೋಲಿಯಲ್ಲಿ ಸತತ ಮೂರು ವರ್ಷ ಪ್ರಥಮ ಬಹುಮಾನ ಬಂದ ಮೇಲೆ ಸೇರಿದ ಸಾಲು ಇದು, ಆದ್ದರಿಂದ ಪ್ರಕ್ಷಿಪ್ತ. ಆದರೂ ಓದುಗರು ಇದನ್ನು ನೆನಪಿನಲ್ಲಿಡಬೇಕಾಗಿ ವಿನಂತಿ.

ಇನ್ನು ಲಕ್ಷಣ. ಹಸುವಿಗೆ ಕೊಂಬೇ ಲಕ್ಷಣ ಎಂದರೆ ಎಮ್ಮೆಯೂ ಹಸುವಾಗಿಬಿಡುತ್ತದೆ. ಇದು ಅತಿವ್ಯಾಪ್ತಿ ಎಂದು ತಾರ್ಕಿಕರು ಎಂದೋ ಎಚ್ಚರಿಸಿದ್ದಾರೆ. ‘ದುಡ್ಡು ಕೇಳಿದರೆ ಸರಪಳಿ’ ಎಂಬ ಜನಪ್ರಿಯ ಲಕ್ಷಣಕ್ಕೂ ಇದೇ ಗತಿ. ರಂಗೋಲಿಗೂ ಇಪ್ಪತ್ತು ರೂಪಾಯಿ ಪ್ರವೇಶ ಶುಲ್ಕವಿದೆ. ‘ದುಡ್ಡು ನಿಜವಾಗಿ ಕೈಗೆ ಬಂದರೆ ಅದು ಅಸಲಿ’ ಎಂಬ ಪಕ್ಷ ಇನ್ನೂ ಅಪಾಯಕರ. ನನ್ನ ಷಡ್ಡಕನಿಗೆ ಮೊದಲ ಚೆಕ್ ಬಂದದ್ದು ನಿಜ, ಅದರ ಜೆರಾಕ್ಸನ್ನು ಲ್ಯಾಮಿನೇಷನ್ ಮಾಡಿಸಿ ಜೇಬಿನಲ್ಲಿಟ್ಟುಕೊಂಡಿದ್ದಾನೆ. 1920ರಲ್ಲಿ ಬಾಸ್ಟನ್ನಿನ ಚಾರ್ಲ್ಸ್ ಪೊಂಜಿ 45 ದಿನಕ್ಕೆ ಶೇ 50 ಲಾಭ ಎಂದ. ಆರಂಭದಲ್ಲಿ ಕೊಟ್ಟ ಕೂಡ. ಕೊಟ್ಟದ್ದರಿಂದಲೇ ಜನ ಸಾಲುಗಟ್ಟಿದರು. ಹೊರದೇಶದಲ್ಲಿ ಅಗ್ಗವಾಗಿ ಸಿಗುವ ಅಂಚೆ ಕೂಪನ್ನುಗಳನ್ನು ಅಮೆರಿಕದಲ್ಲಿ ನಗದು ಮಾಡುತ್ತೇನೆ ಎಂಬುದು ಅವನು ಹೇಳಿದ ಕಥೆ. ನಡೆದದ್ದು ಹೊಸಬರ ದುಡ್ಡನ್ನು ಹಳಬರಿಗೆ ಹಂಚುವ ಕೆಲಸ. ಇಲ್ಲಿಯೂ ಅಂಚೆಯೇ ಬಂದಿರುವುದನ್ನು ಗಮನಿಸಬೇಕು. ಅಂಚೆಗೂ ಸರಪಳಿಗೂ ಇರುವ ಜನ್ಮಾಂತರದ ಸಂಬಂಧದ ಮೇಲೆ ಯಾರಾದರೂ ಪಿಎಚ್.ಡಿ. ಮಾಡಲಿ.

‘ಜಾಣ್ಮೆ ಬೇಕಾದದ್ದು ಸ್ಪರ್ಧೆ’ ಎಂಬ ಮೂರನೆಯ ಪಕ್ಷಕ್ಕೆ ಬೆಂಗಳೂರಿನ ನಂಟಿದೆ. ಇಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ವಾರಪತ್ರಿಕೆಯಲ್ಲಿ ಆರ್‌ಎಂಡಿಸಿ ಎಂಬ ಬಹುಮಾನದ ಪದಬಂಧ ಬರುತ್ತಿತ್ತು. ಮುಂಬಯಿಯವರೂ ಶುಲ್ಕ ಕಟ್ಟಿ ತುಂಬಿ ಕಳಿಸುತ್ತಿದ್ದರು. ಮುಂಬಯಿ ಸರ್ಕಾರ ಅದರ ಮೇಲೆ ತೆರಿಗೆ ಹಾಕಿತು, ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಗೆಲುವು ಬಹುಮಟ್ಟಿಗೆ ಜಾಣ್ಮೆಯಿಂದ ಬಂದರೆ ಅದು ವ್ಯಾಪಾರ, ಅದೃಷ್ಟದಿಂದ ಬಂದರೆ ಜೂಜು ಎಂಬುದು 1957ರ ತೀರ್ಪುಗಳ ಸಾರ. ಆ ಪದಬಂಧ ಜೂಜಿನ ಪಾಲಿಗೆ ಬಿತ್ತು. ಸೊಗಸಾದ ವಿಭಾಗ, ಒಪ್ಪುತ್ತೇನೆ. ಆದರೆ ನಮ್ಮ ಸಮಸ್ಯೆಗೆ ಇದು ಸಾಲದು, ಏಕೆಂದರೆ ಷಡ್ಡಕನ ಜಾಣ್ಮೆಗೆ ನಾನೇ ಸಾಕ್ಷಿ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವನಿಂದ 12,000 ಕೀಳುವುದು ಪದಬಂಧ ಬಿಡಿಸಿದ ಹಾಗಲ್ಲ.

ನಿಜವಾದ ಲಕ್ಷಣಕಾರರ ಹತ್ತಿರ ಬಂದದ್ದು ಸಂಸತ್ತು. ಪ್ರೈಜ್ ಚೀಟಿ ಮತ್ತು ಹಣ ಚಲಾವಣೆ ಯೋಜನೆಗಳನ್ನು ನಿಷೇಧಿಸುವ 1978ರ ಕಾಯ್ದೆ, ದಿಢೀರ್ ದುಡ್ಡಿನ ಯೋಜನೆಯನ್ನೂ ಸದಸ್ಯರನ್ನು ಸೇರಿಸುವುದಕ್ಕೆ ಗಂಟು ಹಾಕಿದ ಪ್ರತಿಫಲವನ್ನೂ ಹಿಡಿಯುತ್ತದೆ, ಅದನ್ನು ‘ಯಾವ ಹೆಸರಿನಿಂದ ಕರೆದರೂ’. ಸಹಸ್ರನಾಮದ ಮಹಾವಿಷ್ಣುವಿನ ತರುವಾಯ ಈ ಗೌರವ ಸಂದದ್ದು ಇದೊಂದಕ್ಕೇ. ತಿಂಗಳಿಗಿಷ್ಟು ಕಟ್ಟಿ, ಡ್ರಾದಲ್ಲಿ ಬೈಕ್ ಬಂದವನು ಮುಂದಿನ ಕಂತು ಕಟ್ಟಬೇಕಿಲ್ಲ ಎನ್ನುವ ಊರೂರಿನ ಲಕ್ಕಿ ಸ್ಕೀಮುಗಳೂ ಈ ಕಾಯ್ದೆಯ ಬಲೆಗೇ ಬೀಳುತ್ತವೆ. ಶಿಕ್ಷೆ ಮೂರು ವರ್ಷದವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಾನು ಕಟ್ಟಿದ್ದು ದಂಡದ ಎರಡು ಪಟ್ಟಿಗಿಂತ ಹೆಚ್ಚು ಎಂದು ಒಂದು ಕ್ಷಣ ಬೀಗಿದ್ದುಂಟು. ಆಮೇಲೆ ಮೂರನೆಯ ಕಲಂ ಓದಿದೆ. ಇಂಥ ಯೋಜನೆಗೆ ಸದಸ್ಯನಾಗಿ ಸೇರುವುದೂ ನಿಷಿದ್ಧ. ಆ ರಾತ್ರಿ ಸಂಶೋಧಕನಿಗೆ ನಿದ್ದೆ ಬರಲಿಲ್ಲ.

ಕ್ಷೇತ್ರಕಾರ್ಯ ನಡೆದದ್ದು ಒಂದು ಭಾನುವಾರ, ಕಲ್ಯಾಣ ಮಂಟಪದ ಮಿನಿ ಹಾಲಿನಲ್ಲಿ. ಹಿಂದಿನ ದಿನದ ಮದುವೆಯ ಥರ್ಮಾಕೋಲ್ ಹೆಸರುಗಳು ಇನ್ನೂ ಗೋಡೆ ಮೇಲಿದ್ದವು. ಬೆವರುತ್ತಿದ್ದ ಟೈ ಹುಡುಗನೊಬ್ಬ ಬೋರ್ಡಿನ ಮೇಲೆ ಒಂದು ಸೊನ್ನೆ ಬರೆದು “ಇದು ನೀವು” ಎಂದ. ಇಡೀ ಕಾರ್ಯಕ್ರಮದಲ್ಲಿ ಇದಕ್ಕಿಂತ ಸತ್ಯವಾದ ಮಾತು ಕೇಳಲಿಲ್ಲ. ಸೊನ್ನೆಯ ಕೆಳಗೆ ಎಡಕ್ಕೊಂದು, ಬಲಕ್ಕೊಂದು ಸೊನ್ನೆ, ಅವಕ್ಕೂ ಎರಡೆರಡು. ನಾನು ಕರಪತ್ರದ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. 26ನೆಯ ಸಾಲು ತುಂಬಿದಾಗ ಒಟ್ಟು 6,71,08,863 ಜನ ಬೇಕು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಇದ್ದವರು 6,10,95,297. ತೊಟ್ಟಿಲ ಕೂಸನ್ನೂ ಮಠಾಧೀಶರನ್ನೂ ಬಿಡದೆ ಸೇರಿಸಿದರೂ ಗಡಿ ದಾಟಿ ಜನ ತರಬೇಕು. ಇದೇನು ಸಂಶೋಧಕನ ಭ್ರಮೆಯಲ್ಲ. ಅಲ್ಬೇನಿಯಾದಲ್ಲಿ ಜನ ಮನೆ, ದನ ಮಾರಿ ಇಂಥ ಯೋಜನೆಗಳಿಗೆ ಸುರಿದು, 1997ರಲ್ಲಿ ಎಲ್ಲ ಕುಸಿದಾಗ ದಂಗೆಯೆದ್ದು ಸರ್ಕಾರವೇ ಉರುಳಿತು. ಇನ್ನೂ ಒಂದು ಸಂಗತಿ ಕಂಡಿತು. ತುಂಬಿದ ಮೇಲೆ ಯಾವಾಗ ನೋಡಿದರೂ ಕಟ್ಟಕಡೆಯ ಸಾಲಿನವರು ಮೇಲಿನ ಎಲ್ಲರ ಮೊತ್ತಕ್ಕಿಂತ ಒಬ್ಬ ಹೆಚ್ಚು. ಆ ಒಬ್ಬ ನಾನೇ ಎಂದು ನನ್ನ ಗುಮಾನಿ.

ಅಷ್ಟರಲ್ಲಿ ಟೈ ಹುಡುಗ ಎಲ್ಲರಿಗೂ ಹಾಳೆ ಹಂಚಿದ. ಗೊತ್ತಿರುವ ನೂರು ಜನರ ಹೆಸರು ಬರೆಯಬೇಕಂತೆ. ಬರೆಯತೊಡಗಿದೆ. ತಂಗಿ, ಭಾವ, ಸೋದರತ್ತೆಯ ಮಗ, ಅರಸೀಕೆರೆಯ ಚಿಕ್ಕಪ್ಪ. ನಲವತ್ತಕ್ಕೆ ಬಂದಾಗ ಕೈ ನಿಂತಿತು. ನಾನು ಬರೆಯುತ್ತಿದ್ದುದು ಮಗಳ ಮದುವೆಗೆ ಕರೆದವರ ಪಟ್ಟಿ, ಅದೇ ಕ್ರಮದಲ್ಲಿ. ಪೆಂಡಾಲಿನ ಕರಪತ್ರದ ಪ್ರಕ್ಷಿಪ್ತ ಸಾಲು ಆಗ ನೆನಪಾಯಿತು.

ನೆಂಟಸೂತ್ರ ಹುಟ್ಟಿದ್ದು ಹೀಗೆ: ಯಾವುದು ನೆಂಟರನ್ನು ಹೊರಗಿಡುತ್ತದೋ ಅದು ಸ್ಪರ್ಧೆ, ಯಾವುದಕ್ಕೆ ನೆಂಟರೇ ಕಚ್ಚಾವಸ್ತುವೋ ಅದು ಸರಪಳಿ. (ಸೂತ್ರದ ಹೆಸರು ಅರಿಸಮಾಸವಾಯಿತೆಂದು ವ್ಯಾಕರಣ ಬಲ್ಲವರು ಮೂಗು ಮುರಿಯಬಹುದು. ಎಲ್ಲ ಸಂಬಂಧವೂ ಹೊಂದಿಬರುವುದಿಲ್ಲ.)

ಆಕ್ಷೇಪ ತಂದವಳು ನನ್ನ ಹೆಂಡತಿ. “ನಮ್ಮಮ್ಮ ಅಕ್ಕತಂಗಿಯರನ್ನೆಲ್ಲ ಸೇರಿಸಿ ಚೀಟಿ ಹಾಕ್ತಿರಲಿಲ್ವಾ? ಅದೂ ಮೋಸವಾ?” ಅತಿವ್ಯಾಪ್ತಿ ದೋಷ, ಅದೂ ಮಾವನ ಮನೆಯ ಕಡೆಯಿಂದ. ಸಮಾಧಾನ: ಇಪ್ಪತ್ತು ಜನರ ಚೀಟಿ ಇಪ್ಪತ್ತು ತಿಂಗಳಿಗೆ ಮುಗಿಯುತ್ತದೆ, ಪ್ರತಿಯೊಬ್ಬರಿಗೂ ಒಂದು ಸಲ ದುಡ್ಡು ಬರುತ್ತದೆ, ಇಪ್ಪತ್ತೊಂದನೆಯ ನೆಂಟನ ಅಗತ್ಯ ಬೀಳುವುದಿಲ್ಲ. ಸರಪಳಿ ಮುಗಿಯುವುದು ನೆಂಟರು ಮುಗಿದಾಗ. ಹೀಗೆ ಸೂತ್ರವನ್ನು ತಿದ್ದಿ ಓದಿದೆ. ಅವಳು ಒಪ್ಪಿದಳೋ ಇಲ್ಲವೋ ತಿಳಿಯದು, ಅಷ್ಟು ಹೊತ್ತಿಗೆ ಕುಕ್ಕರ್ ಕೂಗಿತು.

ಅಧ್ಯಯನದ ಭೌತಿಕ ಅವಶೇಷಗಳೆಂದರೆ ಆರು ಬಾಟಲಿ ನೋನಿ ಜ್ಯೂಸು. ನನ್ನ ಅತ್ತೆ ಒಂದು ಗುಟುಕು ರುಚಿ ನೋಡಿ, ಉಳಿದದ್ದರಲ್ಲಿ ಹಿತ್ತಾಳೆ ದೀಪಗಳನ್ನು ಉಜ್ಜಿದರು. ಹೊಳಪೇನೋ ಚೆನ್ನಾಗಿ ಬಂದಿದೆ.

ಮೊನ್ನೆ ಷಡ್ಡಕ ಫೋನ್ ಮಾಡಿದ.

“ಭಾವ, ಅದನ್ನ ಮರೆತುಬಿಡಿ. ಇದು ಬೇರೆ. ಬರೀ ಕಾಂಟೆಸ್ಟು. ಗೆದ್ದರೆ ಕಾರು.”

“ನಿಮ್ಮ ಕಂಪನಿಯವರ ನೆಂಟರು ಸೇರಬಹುದೇನಯ್ಯಾ?”

“ಏನ್ ಭಾವ ಹೀಗ್ ಕೇಳ್ತೀರಿ, ನೆಂಟರಿಗೇ ಮೊದಲು!”

ಫೋನ್ ಇಟ್ಟೆ. ಅಡುಗೆಮನೆಯಿಂದ ಹೆಂಡತಿ “ಯಾರ್ರೀ ಅದು?” ಎಂದಳು.

“ಸ್ಪರ್ಧೆಯವನಲ್ಲ” ಎಂದೆ.