ಟವೆಲು ಹಾಸಿದ ಸೀಟು

ಬೀದರಿನಿಂದ ಔರಾದ್ ಬಸ್ಸು ಹತ್ತಿದರೆ ಖಾಲಿ ಸೀಟಿನ ಮೇಲೊಂದು ಟವೆಲು. ಕೂಡಲು ಹೋದರೆ ಪಕ್ಕದವರು, "ಮಂದಿ ಹಾರ್ರಿ ಇಲ್ಲಿ" ಅನ್ನುತ್ತಾರೆ. ಕಣ್ಣಿಗೆ ಯಾರೂ ಇಲ್ಲ, ಲೆಕ್ಕದಲ್ಲಿ ಇದ್ದಾರೆ. ಈ ವೇದಾಂತ ನನಗೆ ಮೊದಲು ತಲೆಗೆ ಹೋದದ್ದು ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆಯಿಂದ.

ಕಾಲೇಜಿನಲ್ಲಿ ಊರುಗಳ ಪಟ್ಟಿ ಅಚ್ಚು ಹಾಕುವ ಪ್ರೋಗ್ರಾಮ್ ಬರೆಯುತ್ತಿದ್ದೆ. ಫೋರ್ಟ್ರಾನ್ 77ರಲ್ಲಿ ಹೆಸರಿಡುವ ಡಬ್ಬಿಯ ಅಳತೆ ಮೊದಲೇ ಹೇಳಬೇಕು. 5 ಅಂದೆ. ಇಂಗ್ಲಿಷ್ ಅಕ್ಷರದಲ್ಲಿ ಬೀದರ್ 5, ಔರಾದ್ 5. ಅಳತೆ ತೆಗೆದು ಹೊಲಿಸಿದಂತಿತ್ತು. ಭಾಲ್ಕಿ ಮಾತ್ರ 6. ಯಂತ್ರ ತಕರಾರು ಮಾಡದೆ ಕೊನೆಯ 'ಐ' ಕತ್ತರಿಸಿ 'ಭಾಲ್ಕ್' ಮಾಡಿತು. ರೂಮಿನ ಗೆಳೆಯ ಭಾಲ್ಕಿಯವನು. "ಏನಲೇ, ನಮ್ಮೂರ ಗುಡಿಸು ತಿಂದೀಯೇನು?" ಅಂದ. ಔರಾದಿನದೂ ಸುಖವಿರಲಿಲ್ಲ: ತಾಲ್ಲೂಕು ಊರಾದ ಔರಾದ್ (ಬಿ), ಬೀದರ್ ತಾಲ್ಲೂಕಿನ ಔರಾದ್ (ಎಸ್) ಎರಡೂ ಒಂದೇ ಊರಾಗಿದ್ದವು.

ಡಬ್ಬಿಯನ್ನು 10ಕ್ಕೆ ಹಿಗ್ಗಿಸಿದೆ. ಗುಡಿಸು ಮರಳಿತು. ಆದರೆ ಬೀದರಿನ ಬೆನ್ನಿಗೆ ಐದು ಖಾಲಿ ಮನೆ. 'ಜಿಲ್ಲೆ' ಜೋಡಿಸಿದರೆ ನಡುವೆ ಎತ್ತಿನ ಬಂಡಿ ಹಾಯುವಷ್ಟು ಬಯಲು. ಉದ್ದ ಕೇಳಿದರೆ 'ಲೆನ್' ಹತ್ತು ಎನ್ನುತ್ತದೆ. ಅಕ್ಷರಗಳಿಗೆ ನಂಬರು ಕೊಡುವ ಆಸ್ಕಿ ಪಟ್ಟಿಯಲ್ಲಿ ಖಾಲಿಗೂ 32 ಎಂಬ ನಂಬರಿದೆ. ತಮಾಷೆಯೆಂದರೆ, ಐದರ ಡಬ್ಬಿಯ ಬೀದರನ್ನೂ ಹತ್ತರ ಡಬ್ಬಿಯ ಬೀದರನ್ನೂ ಹೋಲಿಸಿದರೆ ಎರಡೂ ಸಮ! ಚಿಕ್ಕದಕ್ಕೆ ತಾನೇ ಖಾಲಿ ತುಂಬಿಕೊಂಡು ನೋಡುತ್ತದೆ. ಮದುವೆ ಪತ್ರಿಕೆಯಲ್ಲಿ ಎಣಿಸಿ, ಊಟದ ಪಂಕ್ತಿಯಲ್ಲಿ ಮರೆಯುವ ದೂರದ ನೆಂಟರ ಪಾಡು ಈ ಖಾಲಿಗಳದು.

ಬಾಲ ಕತ್ತರಿಸುವ 'ಟ್ರಿಮ್' ಬಂದದ್ದು ಫೋರ್ಟ್ರಾನ್ 90ಕ್ಕೆ. ಅದಕ್ಕೂ ಮೊದಲು ನಾವು ಕೊನೆಯ ಮನೆಯಿಂದ ಹಿಂದೆ ಹಿಂದೆ ಬಾಗಿಲು ಬಡಿಯುತ್ತ, ಅಕ್ಷರ ಸಿಕ್ಕಲ್ಲಿ ನಿಲ್ಲುವ ಲೂಪು ಬರೆಯುತ್ತಿದ್ದೆವು. ಟ್ರಿಮ್ ಕತ್ತರಿಸುವುದೂ ಹಿಂದಿನದನ್ನಷ್ಟೇ. ಮುಂದೆ ಖಾಲಿಯಿದ್ದರೆ 'ಅಡ್ಜಸ್ಟ್‌ಎಲ್' ಎಂಬ ಕಂಡಕ್ಟರು ಬೇಕು: "ಆ ಕಡಿ ಸರೀರಿ!" ಅಕ್ಷರಗಳೆಲ್ಲ ಎಡಕ್ಕೆ, ಖಾಲಿಯೆಲ್ಲ ಬಲಕ್ಕೆ, ಬೆಂಚಿನ ಉದ್ದ ಅಷ್ಟೇ.

ಉತ್ಸಾಹದಲ್ಲಿ ಊರ ಹೆಸರುಗಳನ್ನೆಲ್ಲ ಕತ್ತರಿಸಿ ಪಟ್ಟಿ ತೆಗೆದೆ. ಪಕ್ಕದ ಅಂಕಿಗಳೆಲ್ಲ ಜಾತ್ರೆಯಿಂದ ಮರಳುವ ಮಂದಿಯಂತೆ ಚೆಲ್ಲಾಪಿಲ್ಲಿ. ಅವು ಇಷ್ಟು ದಿನ ಸಾಲಾಗಿ ನಿಂತಿದ್ದು ಆ ಖಾಲಿಗಳಿಗೆ ಒರಗಿಕೊಂಡು. ತೆಪ್ಪಗೆ ಬಾಲಗಳನ್ನು ಮತ್ತೆ ಅಂಟಿಸಿದೆ.

ಅಂದಿನಿಂದ ಟವೆಲು ಕಂಡರೆ ಸರಿಸುವುದಿಲ್ಲ. ಭಾಲ್ಕಿಯವನು ಬರುವನೆಂದರೆ ನಾನೇ ಒಂದು ಹಾಸುತ್ತೇನೆ. ಗುಡಿಸಿಗೂ ಸೇರಿಸಿ, ಸ್ವಲ್ಪ ಅಗಲವಾಗಿ.